ಅಟ್ಟಕ್ಕೆ ಇನ್ಸುಲೇಷನ್ ಊದಿಸುವ ಮೊದಲು ಏನೇನು ಮಾಡಿಸಬೇಕು? (1974ರ ಮನೆ, ಮಿನಿಯಾಪೊಲಿಸ್)

ತುಂಗಾತೀರ (ಮಿನ್ನೆಸೋಟ)

ಎಲ್ಲರಿಗೂ ನಮಸ್ಕಾರ.

ಎರಡು ವರ್ಷಗಳ ಹಿಂದೆ ನಾವು ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ 1974ರಲ್ಲಿ ಕಟ್ಟಿದ ಒಂದಂತಸ್ತಿನ ಮನೆಯನ್ನು ಕೊಂಡೆವು. ಮೇಲೆ ಸುಮಾರು 1,100 ಚದರ ಅಡಿಯ ಅಟ್ಟವಿದೆ. ಅಟ್ಟವೆಂದರೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿರುವಂತೆ ಏಣಿ ಹತ್ತಿ ಹೋಗಿ ಅಡಿಕೆ ಮೂಟೆಯನ್ನೋ ಹಳೆಯ ತೊಟ್ಟಿಲನ್ನೋ ಇಡುವ ಜಾಗವಲ್ಲ. ಬಟ್ಟೆಯ ಕಪಾಟಿನ ಮೇಲಿರುವ ಸಣ್ಣ ಮುಚ್ಚಳವನ್ನೆತ್ತಿ, ಬೆನ್ನು ಬಗ್ಗಿಸಿಕೊಂಡು, ಒಂದು ಜಂತೆಯಿಂದ ಇನ್ನೊಂದು ಜಂತೆಗೆ ಕಾಲಿಡುತ್ತ ಹೋಗಬೇಕಾದ ಜಾಗ. ಜಂತೆಗಳ ನಡುವೆ ಆರು ಇಂಚು ದಪ್ಪದ ಗುಲಾಬಿ ಬಣ್ಣದ ಫೈಬರ್‌ಗ್ಲಾಸ್ ಹಾಸು ಇದೆ. ಅಲ್ಲಲ್ಲಿ ಅದರ ಮೇಲೆ ಮಸಿ ಬಳಿದಂತೆ ಕಪ್ಪು ಮಚ್ಚೆಗಳಿವೆ.

ನಮ್ಮ ತೊಂದರೆ ಚಳಿಗಾಲದ್ದು. ಕಳೆದ ಎರಡೂ ಫೆಬ್ರವರಿಗಳಲ್ಲಿ ಸೂರಿನಂಚಿನುದ್ದಕ್ಕೂ ಮಂಜುಗಡ್ಡೆಯ ದಪ್ಪ ಕಟ್ಟೆ ಕಟ್ಟಿಕೊಂಡಿತು, ಮಲಗುವ ಕೋಣೆಯ ಹೊರಗೋಡೆಯ ಮೂಲೆಯಲ್ಲಿ ಚಾವಣಿಗೆ ನೀರಿನ ಕಲೆ ಬಿದ್ದಿತು. ಹೀಟಿಂಗ್ ಬಿಲ್ಲು ಕೂಡ ಅಕ್ಕಪಕ್ಕದ ಮನೆಗಳವರು ಹೇಳುವುದಕ್ಕಿಂತ ಹೆಚ್ಚೇ ಬರುತ್ತಿದೆ. ಅಟ್ಟಕ್ಕೆ ಯಂತ್ರದಿಂದ ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಹಗುರ ವಸ್ತು) ಊದಿಸಬೇಕೆಂದು ಇಬ್ಬರು ಗುತ್ತಿಗೆದಾರರಿಂದ ಅಂದಾಜು ಪಡೆದೆ. ಮೊದಲನೆಯವರು ಹಳೆಯ ಹಾಸಿನ ಮೇಲೆಯೇ ಸೆಲ್ಯುಲೋಸ್ (ಕಾಗದದ ಪುಡಿ) ಊದಿ ಆರ್-60ಕ್ಕೆ (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ, ಅಂಕಿ ಹೆಚ್ಚಿದಷ್ಟೂ ತಡೆ ಹೆಚ್ಚು) ತರುವುದಾಗಿ, ಅರ್ಧ ದಿನದ ಕೆಲಸವೆಂದು, 2,300 ಡಾಲರ್ ಕೇಳಿದ್ದಾರೆ. ಎರಡನೆಯವರು ಆರ್-49ಕ್ಕೆ ಮಾತ್ರ ತರುವುದಾಗಿ ಹೇಳಿ 4,200 ಡಾಲರ್ ಕೇಳಿದ್ದಾರೆ; ಅದರಲ್ಲಿ ಗಾಳಿ ಸೋರುವ ಕಡೆಗಳನ್ನು ಮುಚ್ಚುವುದು, ಸೂರಿನ ಬಳಿ ಗಾಳಿಕೊಳವೆಗಳನ್ನು ಕೂರಿಸುವುದು, ಸ್ನಾನದ ಮನೆಯ ಫ್ಯಾನಿನ ಕೊಳವೆಯನ್ನು ಸರಿಪಡಿಸುವುದು ಎಂಬ ಬಾಬ್ತುಗಳಿವೆ. ಕಡಿಮೆ ದಪ್ಪಕ್ಕೆ ಹೆಚ್ಚು ಹಣ ಏಕೆಂಬುದು ನನಗೆ ತಿಳಿಯುತ್ತಿಲ್ಲ. ಹಳೆಯ ಹಾಸನ್ನು ತೆಗೆಸಲೇಬೇಕೇ, ಸೆಲ್ಯುಲೋಸ್ ಒಳ್ಳೆಯದೋ ಊದುವ ಫೈಬರ್‌ಗ್ಲಾಸ್ ಒಳ್ಳೆಯದೋ ಎಂಬುದನ್ನೂ ಬಲ್ಲವರು ತಿಳಿಸಬೇಕು. ನವೆಂಬರಿನಲ್ಲಿ ಊರಿನಿಂದ ಅಮ್ಮ ಬರುವವರಿದ್ದಾರೆ. ಅವರಿಗೆ ಉಬ್ಬಸವಿರುವುದರಿಂದ ಧೂಳಿನ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ.

ಬಯಲುನಾಡು (ಮಿನ್ನೆಸೋಟ)

ನಮಸ್ಕಾರ. ನಾನು ಇದೇ ರಾಜ್ಯದಲ್ಲಿ ಹನ್ನೊಂದು ವರ್ಷ ಮನೆಗಳ ಶಕ್ತಿ ತಪಾಸಣೆಯ ಕೆಲಸ ಮಾಡಿದವನು. ನಿಮ್ಮ ಪ್ರಶ್ನೆಯ ಉತ್ತರದ ಬಹುಪಾಲು ನೀವೇ ಕಂಡಿರುವ ಆ ಕಪ್ಪು ಮಚ್ಚೆಗಳಲ್ಲಿದೆ. ಅವು ಮಸಿಯೂ ಅಲ್ಲ, ಹೆಚ್ಚಿನ ಮಟ್ಟಿಗೆ ಬೂಷ್ಟೂ ಅಲ್ಲ. ಮನೆಯೊಳಗಿನ ಬೆಚ್ಚಗಿನ ಗಾಳಿ ಚಾವಣಿಯ ಸಂದುಗಳಿಂದ ನುಗ್ಗಿ ಆ ಹಾಸಿನ ಮೂಲಕ ಹಾಯ್ದು ಹೋಗುವಾಗ ಅದರಲ್ಲಿದ್ದ ಧೂಳನ್ನು ಫೈಬರ್‌ಗ್ಲಾಸ್ ಸೋಸಿ ಹಿಡಿದುಕೊಂಡಿದೆ. ಐವತ್ತು ವರ್ಷ ಸೋಸಿದ ಬಟ್ಟೆ ಕಪ್ಪಾಗದೆ ಇರುವುದಿಲ್ಲ. ಎಲ್ಲೆಲ್ಲಿ ಮಚ್ಚೆ ಇದೆಯೋ ಅಲ್ಲಲ್ಲಿ ಅದರ ಕೆಳಗೆ ಒಂದು ತೂತು ಇದೆ ಎಂದು ತಿಳಿಯಿರಿ.

ಇನ್ಸುಲೇಷನ್ ಶಾಖದ ಹರಿವನ್ನು ನಿಧಾನಗೊಳಿಸುತ್ತದೆ. ಹರಿಯುವ ಗಾಳಿಯನ್ನು ಅದು ತಡೆಯಲಾರದು. ಮಿನ್ನೆಸೋಟದ ಜನವರಿಯಲ್ಲಿ ಒಳಗೆ 70, ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಇಡೀ ಮನೆಯೇ ಹೊಗೆಗೂಡಿನಂತೆ ಕೆಲಸ ಮಾಡುತ್ತದೆ. ಹಗುರವಾದ ಬಿಸಿಗಾಳಿ ಮೇಲೇರಿ ಚಾವಣಿಯಿಂದ ಹೊರಗೆ ಹೋಗುತ್ತದೆ, ಹೋದಷ್ಟೇ ತಣ್ಣನೆಯ ಗಾಳಿ ಕೆಳಗೆ ನೆಲಮಾಳಿಗೆಯ ಅಂಚಿನಿಂದ ಒಳಗೆ ಬರುತ್ತದೆ. ಅಟ್ಟಕ್ಕೆ ಸೋರಿದ ಆ ಬಿಸಿಗಾಳಿ ಮಾಡಿನ ಹಲಗೆಯನ್ನು ಬೆಚ್ಚಗಾಗಿಸಿದಾಗ ಮೇಲಿನ ಹಿಮ ಅಡಿಯಿಂದ ಕರಗಿ ಕೆಳಕ್ಕೆ ಹರಿಯುತ್ತದೆ. ಸೂರಿನ ಅಂಚು ಗೋಡೆಯಿಂದಾಚೆಗೆ ಚಾಚಿಕೊಂಡಿರುವುದರಿಂದ ಅಲ್ಲಿ ಶಾಖವಿಲ್ಲ. ಹರಿದು ಬಂದ ನೀರು ಅಲ್ಲಿಯೇ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ, ಕಟ್ಟೆಯ ಹಿಂದೆ ನಿಂತ ನೀರು ಶಿಂಗಲ್ಲುಗಳ (ಮಾಡಿಗೆ ಹೊದಿಸಿದ ಬಿಲ್ಲೆಗಳ) ಅಡಿಗೆ ನುಸುಳಿ ನಿಮ್ಮ ಮಲಗುವ ಕೋಣೆಯ ಮೂಲೆಗೆ ಇಳಿಯುತ್ತದೆ. ತೂತುಗಳನ್ನು ಹಾಗೆಯೇ ಬಿಟ್ಟು ಮೇಲೆ ಎಷ್ಟು ದಪ್ಪ ಊದಿದರೂ ಈ ದಾರಿ ಪೂರ್ತಿ ಮುಚ್ಚುವುದಿಲ್ಲ.

ಇನ್ನೊಂದು ಅಪಾಯವಿದೆ, ಅದನ್ನು ನಮ್ಮವರು ಲಘುವಾಗಿ ಕಾಣುತ್ತಾರೆ. ಸೋರುವ ಗಾಳಿಯ ಜೊತೆಗೆ ಅಡುಗೆಯ, ಸ್ನಾನದ, ಉಸಿರಿನ ತೇವವೂ ಅಟ್ಟ ಸೇರುತ್ತದೆ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ 28 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದಿತ್ತು. ಆ ವಾರ ನಾನು ಹತ್ತಿದ ಅಟ್ಟಗಳಲ್ಲಿ ಮಾಡಿನ ಹಲಗೆಯ ಅಡಿಭಾಗವೆಲ್ಲ ಬಿಳಿಯ ಹಿಮಪುಡಿಯಿಂದ ಮುಚ್ಚಿತ್ತು, ಪ್ರತಿಯೊಂದು ಮೊಳೆಯ ತುದಿಯಲ್ಲೂ ಮಂಜಿನ ಗುಂಡಿತ್ತು. ಬಿಸಿಲು ಬಂದ ದಿನ ಅದೆಲ್ಲ ಒಟ್ಟಿಗೆ ಕರಗಿ ಸುರಿದಾಗ ಮನೆಯವರು ಮಾಡು ಸೋರುತ್ತಿದೆಯೆಂದು ಶಿಂಗಲ್ ಹಾಕುವವರನ್ನು ಕರೆಸಿದರು. ನಿಮ್ಮ ಚಾವಣಿಯ ಕಲೆ ಈ ಎರಡರಲ್ಲಿ ಯಾವುದರಿಂದಲಾದರೂ ಬಂದಿರಬಹುದು. ಎರಡಕ್ಕೂ ಮೂಲ ಒಂದೇ.

ಆದ್ದರಿಂದ ಎರಡನೆಯ ಅಂದಾಜಿನಲ್ಲಿರುವ ಹೆಚ್ಚಿನ ಹಣವೇ ನಿಮ್ಮ ತೊಂದರೆಗೆ ನೇರವಾಗಿ ಸಂಬಂಧಿಸಿದ್ದು. ಅವರು ಏನೇನನ್ನು ಮುಚ್ಚುತ್ತಾರೆಂದು ಬರಹದಲ್ಲಿ ಕೇಳಿ. ಒಳಗೋಡೆಗಳ ನೆತ್ತಿಯ ಮರ ಮತ್ತು ಡ್ರೈವಾಲ್ (ಗೋಡೆಗೂ ಚಾವಣಿಗೂ ಹಾಕುವ ಜಿಪ್ಸಮ್ ಹಲಗೆ) ಸೇರುವ ಸಂದು, ವಿದ್ಯುತ್ ತಂತಿ ಇಳಿಯುವ ತೂತುಗಳು, ಕೊಳಾಯಿಯ ಗಾಳಿಕೊಳವೆ ಹಾದುಹೋಗುವ ಪೊಳ್ಳು, ಅಡುಗೆಮನೆಯ ಕಪಾಟುಗಳ ಮೇಲೆ ತಗ್ಗಿಸಿ ಕಟ್ಟಿದ ಚಾವಣಿಯ ಖಾಲಿ ಜಾಗ, ಫ್ಯಾನಿನ ಪೆಟ್ಟಿಗೆಯ ಸುತ್ತ, ಅಟ್ಟದ ಮುಚ್ಚಳದ ಅಂಚು: ಇವು ಮುಖ್ಯವಾದವು. ಸಣ್ಣವಕ್ಕೆ ನೊರೆ ಅಥವಾ ಕಾಕ್ (ಸಂದು ತುಂಬುವ ಅಂಟು) ಸಾಕು. ಆದರೆ ಫರ್ನೆಸಿನ (ಮನೆಯನ್ನು ಬೆಚ್ಚಗಿಡುವ ಯಂತ್ರದ) ಹೊಗೆಕೊಳವೆಯ ಸುತ್ತ ನೊರೆ ಕೂಡದು. ಅಲ್ಲಿ ತಗಡನ್ನು ಕತ್ತರಿಸಿ ಕೂರಿಸಿ, ಬೆಂಕಿ ತಾಳುವ ಸೀಲಂಟ್ ಹಚ್ಚಿ, ಊದಿದ ವಸ್ತು ಕೊಳವೆಗೆ ತಾಗದಂತೆ ತಗಡಿನ ಅಡ್ಡಗಟ್ಟು ನಿಲ್ಲಿಸಬೇಕು. ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಸೂರಿನ ಅಡಿಯ ಸಾಫಿಟ್ ಕಿಂಡಿಗಳಿಂದ ಹೊರಗಿನ ಗಾಳಿ ಒಳಬಂದು, ಮಾಡಿನ ಹಲಗೆಯ ಅಡಿಯಲ್ಲಿ ಹರಿದು, ಮೇಲಿನ ಕಿಂಡಿಯಿಂದ ಹೊರಹೋಗಬೇಕು. ಊದಿದ ವಸ್ತು ಆ ದಾರಿಯನ್ನು ಮುಚ್ಚದಿರಲೆಂದೇ ಪಕ್ಕಾಸುಗಳ ನಡುವೆ ಗಾಳಿಕೊಳವೆ ಕೂರಿಸುವುದು. ಹಳೆಯ ಹಾಸು ಒಣಗಿದ್ದು ಇಲಿಗಳ ಕಾಟವಿಲ್ಲದಿದ್ದರೆ ತೆಗೆಸಬೇಕಿಲ್ಲ. ಸಂದು ಮುಚ್ಚುವಾಗ ಬದಿಗೆ ಸರಿಸಿ ಮತ್ತೆ ಹಾಸಬಹುದು. ಬಾಗಿಲಿಗೆ ಫ್ಯಾನ್ ಕಟ್ಟಿ 50 ಪ್ಯಾಸ್ಕಲ್ ಒತ್ತಡದಲ್ಲಿ ಸೋರಿಕೆ ಅಳೆಯುವ ಪರೀಕ್ಷೆಯನ್ನು ಕೆಲಸಕ್ಕೆ ಮೊದಲೂ ಆಮೇಲೂ ಮಾಡಿಸಿ, ಎರಡು ಅಂಕಿಗಳನ್ನೂ ಪಡೆದುಕೊಳ್ಳಿ. ಗ್ಯಾಸಿನ ನೀರು ಕಾಯಿಸುವ ಟ್ಯಾಂಕ್ ತನ್ನ ಹೊಗೆಯನ್ನು ಸಹಜವಾಗಿ ಮೇಲಕ್ಕೆ ಬಿಡುವ ಬಗೆಯದಾಗಿದ್ದರೆ, ಮನೆ ಬಿಗಿಯಾದ ಮೇಲೆ ಹೊಗೆ ಹಿಂದಕ್ಕೆ ಬರುತ್ತಿಲ್ಲವೆಂದು ಅವರೇ ಪರೀಕ್ಷಿಸಿ ತೋರಿಸಬೇಕು. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆ ಮಲಗುವ ಕೋಣೆಗಳ ಬಳಿ ಇರಲೇಬೇಕು.

ಕೊಡಚಾದ್ರಿ (ಮಿಷಿಗನ್)

ಬಯಲುನಾಡು ಅವರು ಹೇಳಿದ ಕ್ರಮವನ್ನು ನಾನು ಪಾಲಿಸದೆ ಒಮ್ಮೆ ಕಷ್ಟಪಟ್ಟವನಾದ್ದರಿಂದ ಬರೆಯುತ್ತಿದ್ದೇನೆ. 2021ರಲ್ಲಿ ನಾನೂ ನನ್ನ ಭಾವನವರೂ ಸೇರಿ ಬಾಡಿಗೆಯ ಯಂತ್ರ ತಂದು ನಮ್ಮ ಅಟ್ಟಕ್ಕೆ ಸೆಲ್ಯುಲೋಸ್ ಊದಿದೆವು. ಮನೆಸಾಮಗ್ರಿಯ ದೊಡ್ಡ ಅಂಗಡಿಗಳಲ್ಲಿ ಇಂತಿಷ್ಟು ಚೀಲ ಕೊಂಡರೆ ಯಂತ್ರವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಯಿಲ್ಲದೆ ಕೊಡುವುದುಂಟು. ಒಬ್ಬರು ಅಂಗಳದಲ್ಲಿ ನಿಂತು ಚೀಲ ಒಡೆದು, ಹೆಂಟೆ ಪುಡಿಮಾಡಿ ಯಂತ್ರಕ್ಕೆ ಹಾಕುತ್ತಿರಬೇಕು, ಇನ್ನೊಬ್ಬರು ಅಟ್ಟದಲ್ಲಿ ದೂರದ ಮೂಲೆಯಿಂದ ಊದುತ್ತ ಮುಚ್ಚಳದ ಕಡೆಗೆ ಹಿಂದೆ ಸರಿಯುತ್ತ ಬರಬೇಕು. ಕೆಲಸ ಬೇಗ ಮುಗಿಯಲೆಂಬ ಆತುರದಲ್ಲಿ ನಾವು ಗಾಳಿಕೊಳವೆ ಕೂರಿಸದೆ ಊದಿದ್ದರಿಂದ ಉತ್ತರದ ಬದಿಯ ಸಾಫಿಟ್ ಕಿಂಡಿಗಳೆಲ್ಲ ಮುಚ್ಚಿಹೋದವು. ಮರುವರ್ಷ ಆ ಬದಿಯ ಹಲಗೆಗಳಲ್ಲಿ ಬೂಷ್ಟು ಕಾಣಿಸಿತು. ಊದಿದ್ದನ್ನು ಕೈಯಿಂದ ಗೋರಿ ತೆಗೆದು ಕೊಳವೆ ಕೂರಿಸುವುದಕ್ಕೆ ಊದಿದ್ದರ ನಾಲ್ಕು ಪಟ್ಟು ಹೊತ್ತು ಹಿಡಿಯಿತು. ಅದರ ನಡುವೆ ಭಾವನವರ ಕಾಲು ಜಂತೆ ತಪ್ಪಿ ಡ್ರೈವಾಲಿನ ಮೇಲೆ ಬಿದ್ದು ಊಟದ ಕೋಣೆಯ ಚಾವಣಿ ಒಡೆಯಿತು. ದೇವರ ದಯೆಯಿಂದ ಅವರಿಗೆ ಪೆಟ್ಟಾಗಲಿಲ್ಲ. ಮೇಲೆ ಹೋಗುವವರು ಜಂತೆಗಳ ಮೇಲೆ ಅಗಲವಾದ ಹಲಗೆ ಹಾಕಿಕೊಂಡೇ ಹೋಗಬೇಕು.

ವಸ್ತುವಿನ ವಿಚಾರ. ಸೆಲ್ಯುಲೋಸ್ ಎಂದರೆ ಬಹುಪಾಲು ಹಳೆಯ ಪತ್ರಿಕೆಗಳ ಕಾಗದವನ್ನು ಪುಡಿಮಾಡಿ, ಬೆಂಕಿಯೂ ಹುಳುವೂ ತಗುಲದಂತೆ ಬೋರೇಟ್ ಲವಣ ಬೆರೆಸಿದ್ದು. ಇಂಚಿಗೆ ಸುಮಾರು ಆರ್-3.5 ಸಿಗುತ್ತದೆ. ಊದುವ ಫೈಬರ್‌ಗ್ಲಾಸ್ ಇಂಚಿಗೆ ಆರ್-2.5ರ ಆಸುಪಾಸು, ಆದರೆ ಅದು ಹಗುರ, ಕುಗ್ಗುವುದು ತೀರ ಕಡಿಮೆ. ಸೆಲ್ಯುಲೋಸ್ ಕಾಲಕ್ರಮದಲ್ಲಿ 15ರಿಂದ 20 ಶೇಕಡಾ ಕುಗ್ಗುತ್ತದೆ. ಹಾಗಾಗಿ ಊದಿದ ದಿನ ಅಳೆದ ದಪ್ಪವನ್ನು ನಂಬಿ ಹಣ ಕೊಡಬಾರದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲಿ ಹೊರಡಿಸಿದ ಆರ್-ಮೌಲ್ಯ ನಿಯಮದ ಪ್ರಕಾರ ಪ್ರತಿ ಚೀಲದ ಮೇಲೂ ಒಂದು ಕೋಷ್ಟಕವಿರುತ್ತದೆ: ಯಾವ ಆರ್-ಮೌಲ್ಯಕ್ಕೆ ಎಷ್ಟು ದಪ್ಪ, ಕುಗ್ಗಿದ ಮೇಲೆ ಎಷ್ಟು, 1,000 ಚದರ ಅಡಿಗೆ ಎಷ್ಟು ಚೀಲ. ಇದರಲ್ಲಿ ಚೀಲಗಳ ಲೆಕ್ಕವೇ ನಿಜವಾದ ಲೆಕ್ಕ. ಕೆಲವು ಕೆಲಸಗಾರರು ಯಂತ್ರದಲ್ಲಿ ಗಾಳಿಯನ್ನು ಹೆಚ್ಚಿಟ್ಟು ಹತ್ತಿ ಅರಳಿಸಿದಂತೆ ಊದಿಬಿಡುತ್ತಾರೆ. ಅಳತೆಪಟ್ಟಿಯಲ್ಲಿ ದಪ್ಪ ಸರಿಯಾಗಿ ಕಾಣುತ್ತದೆ, ಎರಡು ವರ್ಷದಲ್ಲಿ ಇಳಿದುಹೋಗುತ್ತದೆ. ನಿಮ್ಮ ಅಟ್ಟಕ್ಕೆ ಕೋಷ್ಟಕದ ಪ್ರಕಾರ ಎಷ್ಟು ಚೀಲ ಬೇಕೆಂದು ಮೊದಲೇ ಗುಣಿಸಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಖಾಲಿ ಚೀಲಗಳನ್ನು ಎಣಿಸಿ. 300 ಚದರ ಅಡಿಗೆ ಒಂದರಂತೆ ಅಳತೆಪಟ್ಟಿಗಳನ್ನು ಮುಚ್ಚಳದ ಕಡೆಗೆ ಮುಖ ಮಾಡಿ ಹೊಡೆಸಿ.

ಧೂಳಿನ ಮಾತು ನಿಜ. ಸೆಲ್ಯುಲೋಸ್ ಊದುವಾಗ ಅಟ್ಟದಲ್ಲಿ ಎದುರಿನ ಕೈ ಕಾಣುವುದಿಲ್ಲ. ಎನ್-95 ಮುಖಗವಸು, ಕನ್ನಡಕ ಎರಡೂ ಬೇಕು. ಮನೆಯೊಳಗೆ ಬರುವುದು ಮುಚ್ಚಳದ ಸುತ್ತಿನಿಂದ. ಆ ಕಪಾಟನ್ನು ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಕಟ್ಟಿ, ಆ ದಿನ ಫರ್ನೆಸ್ ಫ್ಯಾನನ್ನು ಆರಿಸಿಟ್ಟರೆ ಬಹಳ ಕಡಿಮೆ ಬರುತ್ತದೆ. ತಾಯಿಯವರು ಬರುವ ಮೊದಲೇ, ಸೆಪ್ಟೆಂಬರಿನೊಳಗೆ ಮುಗಿಸಿ. ಚಾವಣಿಯ ಸಂದುಗಳನ್ನು ಮುಚ್ಚಿದ್ದರೆ ಆಮೇಲೆ ಮೇಲಿನ ಧೂಳು ಕೆಳಗಿಳಿಯಲು ದಾರಿಯೇ ಇರುವುದಿಲ್ಲ. ಮುಚ್ಚದೆ ಊದಿಸಿದರೆ ಆ ಭರವಸೆ ಕೊಡಲಾರೆ.

ಹಣದ ಬಗ್ಗೆ ಒಂದು ಮಾತು: ಕೇಂದ್ರ ಸರ್ಕಾರದ 30 ಶೇಕಡಾ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರೊಳಗೆ ಮುಗಿಸಿದ ಕೆಲಸಗಳಿಗೆ ಮಾತ್ರ ಇತ್ತು. ಯಾರಾದರೂ ಈಗಲೂ ಅದನ್ನು ಲೆಕ್ಕಕ್ಕೆ ಹಿಡಿದು ಅಂದಾಜು ಕೊಟ್ಟರೆ ಒಪ್ಪಬೇಡಿ. ನಿಮ್ಮ ಗ್ಯಾಸ್ ಕಂಪನಿಯಲ್ಲಿ ವಿಚಾರಿಸಿ. ಸಂದು ಮುಚ್ಚುವ ಕೆಲಸಕ್ಕೂ ಇನ್ಸುಲೇಷನ್ನಿಗೂ ಹಣ ಹಿಂದಿರುಗಿಸುವ ಯೋಜನೆಗಳು ಹಲವು ಕಂಪನಿಗಳಲ್ಲಿವೆ.

ಮಲ್ಲಿಗೆಮೊಗ್ಗು (ಷಿಕಾಗೊ)

ಇಬ್ಬರೂ ಹಿರಿಯರು ಚೆನ್ನಾಗಿ ಬರೆದಿದ್ದಾರೆ. ಅದಕ್ಕೂ ಮೊದಲು ನೋಡಬೇಕಾದದ್ದೊಂದಿದೆ. ಹಳೆಯ ಹಾಸನ್ನು ಎರಡು ಮೂರು ಕಡೆ ಮೆಲ್ಲಗೆ ಎತ್ತಿ, ಅದರ ಅಡಿಯಲ್ಲಿ ಬೂದು ಅಥವಾ ಹೊಂಬಣ್ಣದ, ಅಭ್ರಕದಂತೆ ಮಿನುಗುವ, ಪದರ ಪದರವಾಗಿ ಉಬ್ಬಿದ ಸಣ್ಣ ಹರಳುಗಳು ಇವೆಯೇ ಎಂದು ನೋಡಿ. ಇದ್ದರೆ ಅದು ವರ್ಮಿಕ್ಯುಲೈಟ್. ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಊರಿನ ಗಣಿಯಿಂದ ಬಂದ ವರ್ಮಿಕ್ಯುಲೈಟನ್ನು ದಶಕಗಳ ಕಾಲ ಜೋನೊಲೈಟ್ ಎಂಬ ಹೆಸರಿನಲ್ಲಿ ಅಟ್ಟಗಳಿಗೆ ಸುರಿಯುತ್ತಿದ್ದರು. ಆ ಅದಿರಿನಲ್ಲಿ ಕಲ್ನಾರು ಬೆರೆತಿತ್ತು; ಗಣಿ ಮುಚ್ಚಿದ್ದು 1990ರಲ್ಲಿ. ಲಿಬ್ಬಿಯ ಗಣಿ ಕೆಲಸಗಾರರೂ, ಅವರ ಬಟ್ಟೆಯ ಧೂಳಿನಿಂದ ಮನೆಮಂದಿಯೂ ಶ್ವಾಸಕೋಶದ ಕಾಯಿಲೆಯಿಂದ ಸತ್ತಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದು ಇಷ್ಟೇ: ವರ್ಮಿಕ್ಯುಲೈಟ್ ಕಂಡರೆ ಅದರಲ್ಲಿ ಕಲ್ನಾರು ಇದೆಯೆಂದೇ ಭಾವಿಸಿ, ಮುಟ್ಟಬೇಡಿ, ಗುಡಿಸಬೇಡಿ, ಅದಕ್ಕೆ ತರಬೇತಾದವರನ್ನು ಕರೆಸಿ. ನಿಮ್ಮದು 1974ರ ಮನೆಯಾದ್ದರಿಂದ ಈ ಸಾಧ್ಯತೆ ಇದ್ದೇ ಇದೆ. ನಮ್ಮ ಮನೆಯಲ್ಲಿ ಗುತ್ತಿಗೆದಾರರು ನೋಡದೆ ಊದಲು ಹೊರಟಿದ್ದರು. ಅಡುಗೆಮನೆಯ ದೀಪ ಬದಲಿಸಲು ಬಂದಿದ್ದ ವಿದ್ಯುತ್ ಕೆಲಸಗಾರರು ಗುರುತಿಸಿದ್ದರಿಂದ ಉಳಿದೆವು. ಆ ದಿನವನ್ನು ನೆನೆದರೆ ಈಗಲೂ ನನ್ನ ಎದೆ ನಡುಗುತ್ತದೆ, ಆಗ ನನ್ನ ಮಗುವಿಗೆ ಎಂಟು ತಿಂಗಳು.

ತಂತಿಗಳನ್ನೂ ನೋಡಿಸಿ. ನಮ್ಮದು 1926ರ ಮನೆ, ಪಿಂಗಾಣಿಯ ಗುಬುಟುಗಳ ಮೇಲೆ ಹಾಯಿಸಿದ ಹಳೆಯ ತಂತಿಗಳಿದ್ದವು. ಅಂಥವುಗಳ ಶಾಖ ಸುತ್ತಲಿನ ಗಾಳಿಗೆ ಹೋಗಬೇಕಾದ್ದರಿಂದ ಇನ್ಸುಲೇಷನ್ನಿನಿಂದ ಮುಚ್ಚುವುದನ್ನು ರಾಷ್ಟ್ರೀಯ ವಿದ್ಯುತ್ ಸಂಹಿತೆ ಒಪ್ಪುವುದಿಲ್ಲ. ನಿಮ್ಮಲ್ಲಿ ಅದಿರಲಾರದು. ಆದರೆ ಮುಚ್ಚಳವಿಲ್ಲದ ಜಂಕ್ಷನ್ ಪೆಟ್ಟಿಗೆಗಳಿದ್ದರೆ ಮುಚ್ಚಳ ಹಾಕಿಸಿ, ಹೂತುಹೋದ ಮೇಲೆ ಎಲ್ಲಿವೆಯೆಂದು ತಿಳಿಯಲು ಮೇಲಿನ ಮರದ ಮೇಲೆ ಬಣ್ಣದಿಂದ ಗುರುತು ಮಾಡಿಸಿ. ಚಾವಣಿಯೊಳಗೆ ಹುದುಗಿಸಿದ ಹಳೆಯ ದೀಪಗಳಿಗೂ ಇದೇ ಎಚ್ಚರಿಕೆ: ಇನ್ಸುಲೇಷನ್ ತಾಗಬಹುದೆಂದು ಪ್ರಮಾಣೀಕರಿಸದ ದೀಪದ ಸುತ್ತ ಮೂರು ಇಂಚು ಜಾಗ ಬಿಡಬೇಕು. ಅವನ್ನು ತೆಗೆಸಿ ಚಪ್ಪಟೆಯಾದ ಎಲ್‌ಇಡಿ ದೀಪ ಹಾಕಿಸಿ ತೂತನ್ನೇ ಮುಚ್ಚಿಸುವುದು ಮೇಲು.

ಘಟಪ್ರಭಾ (ಡಲ್ಲಾಸ್)

ನಮ್ಮ ಟೆಕ್ಸಸ್‌ನಲ್ಲಿ ಹಿಮದ ಕಟ್ಟೆಯಿಲ್ಲ, ಆಗಸ್ಟಿನ ಮಧ್ಯಾಹ್ನ ಅಟ್ಟದಲ್ಲಿ 130 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಬಿಸಿಯಿದೆ. ಇಲ್ಲಿ ಆರ್-38ಕ್ಕೆ ಊದಿಸಿದ ಮೇಲೂ ಬಿಲ್ಲು ನಾನೆಣಿಸಿದಷ್ಟು ಇಳಿಯಲಿಲ್ಲ. ಎಸಿಯ ಗಾಳಿಕೊಳವೆಗಳೆಲ್ಲ ಅಟ್ಟದಲ್ಲಿಯೇ ಇದ್ದು ಅವುಗಳ ಕೀಲುಗಳು ಸೋರುತ್ತಿದ್ದವು. ಅವಕ್ಕೆ ಮ್ಯಾಸ್ಟಿಕ್ (ಸಂದು ಮುಚ್ಚುವ ಲೇಪ) ಬಳಿಸಿದ ಮೇಲೆಯೇ ವ್ಯತ್ಯಾಸ ಕಂಡದ್ದು. ಹವಾಮಾನ ಬೇರೆಯಾದರೂ ಪಾಠ ನಿಮ್ಮದೇ: ಮೊದಲು ಸೋರಿಕೆ, ಆಮೇಲೆ ದಪ್ಪ.

ಬಾದಾಮಿಯ ಕಡೆಯ ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ಜಂತೆಯ ಮೇಲೆ ಹಲಗೆ, ಅದರ ಮೇಲೆ ಒಂದೂವರೆ ಅಡಿ ಮಣ್ಣು. ಬೇಸಿಗೆಯ ನಡುಹಗಲಿನಲ್ಲಿ ಒಳಗೆ ತಂಪು, ಆದರೆ ಅದು ಬೇರೆ ತತ್ವ. ಮಣ್ಣು ಹಗಲಿನ ಶಾಖವನ್ನು ಹೀರಿಟ್ಟುಕೊಂಡು ರಾತ್ರಿ ಬಿಡುತ್ತದೆ. ಐದು ತಿಂಗಳು ಹಗಲೂ ರಾತ್ರಿಯೂ ಒಂದೇ ಸಮನೆ ಕೊರೆಯುವ ಮಿನ್ನೆಸೋಟದ ಚಳಿಗೆ ಆ ಉಪಾಯ ನಡೆಯದು. ಅಲ್ಲಿ ಗಾಳಿಯನ್ನು ನಿಶ್ಚಲವಾಗಿ ಹಿಡಿದಿಡುವ ಹಗುರ ವಸ್ತುವೇ ಬೇಕು.

ತುಂಗಾತೀರ (ಮಿನ್ನೆಸೋಟ)

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಶನಿವಾರ ಬೆಳಗ್ಗೆ ಹಲಗೆ ಹಾಕಿಕೊಂಡು ಅಟ್ಟ ಹತ್ತಿ ಎರಡು ಗಂಟೆ ನೋಡಿದೆ. ಮಲ್ಲಿಗೆಮೊಗ್ಗು ಅವರು ಹೇಳಿದಂತೆ ಐದು ಕಡೆ ಹಾಸನ್ನು ಎತ್ತಿದೆ, ವರ್ಮಿಕ್ಯುಲೈಟ್ ಇಲ್ಲ. ಹಾಸು ಒಣಗಿದೆ, ಇಲಿಯ ಕುರುಹಿಲ್ಲ. ಕಪ್ಪು ಮಚ್ಚೆಯಿದ್ದ ಏಳು ಕಡೆಗಳಲ್ಲಿ ಆರರ ಅಡಿಯಲ್ಲಿ ಬೆರಳು ತೂರುವಷ್ಟು ಸಂದು ಕಂಡಿತು. ಅಡುಗೆಮನೆಯ ಕಪಾಟಿನ ಮೇಲಿನ ಪೊಳ್ಳಂತೂ ಪೂರ್ತಿ ತೆರೆದೇ ಇದೆ, ಟಾರ್ಚು ಬಿಟ್ಟರೆ ಒಳಗೋಡೆಯ ತಳದವರೆಗೆ ಬೆಳಕು ಹೋಗುತ್ತದೆ. ಸ್ನಾನದ ಮನೆಯ ಫ್ಯಾನಿನ ಕೊಳವೆ ಹೊರಗೆ ಹೋಗದೆ ಅಟ್ಟದ ನಡುವೆಯೇ ಕೊನೆಗೊಂಡಿದೆ. ಅದರ ನೇರ ಮೇಲಿನ ಹಲಗೆಗಳು ಕಪ್ಪಾಗಿ ಉಬ್ಬಿವೆ. ಎರಡು ವರ್ಷ ಪ್ರತಿ ಬೆಳಗ್ಗೆ ನಾಲ್ಕು ಜನರ ಸ್ನಾನದ ಹಬೆಯನ್ನು ನಾವೇ ಅಲ್ಲಿಗೆ ಕಳಿಸುತ್ತಿದ್ದೆವೆಂಬುದು ತಿಳಿದು ಬಹಳ ಬೇಸರವಾಯಿತು.

ಈಗ ಎರಡು ಸಂದೇಹಗಳು. ಡ್ರೈವಾಲ್ ಅರ್ಧ ಇಂಚಿನದು, ಜಂತೆಗಳ ನಡುವಿನ ಅಂತರ 24 ಇಂಚು. ಹಳೆಯ ಹಾಸಿನ ಮೇಲೆ ಅಷ್ಟು ಸೆಲ್ಯುಲೋಸ್ ಬಿದ್ದರೆ ಚಾವಣಿ ಜೋತುಬೀಳುವುದಿಲ್ಲವೇ? ಎರಡನೆಯದು, ಹೇಗೂ ಒಮ್ಮೆ ಮಾಡಿಸುವಾಗ ಆರ್-60ಕ್ಕೇ ಹೋಗಬಾರದೇಕೆ?

ಬಯಲುನಾಡು (ಮಿನ್ನೆಸೋಟ)

ತೂಕವನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಮನೆಯ ಮಟ್ಟಿಗೆ ಅದು ನಿಜವಾದ ಪ್ರಶ್ನೆ. ಅರ್ಧ ಇಂಚಿನ ಸಾಮಾನ್ಯ ಡ್ರೈವಾಲ್ 24 ಇಂಚಿನ ಅಂತರದಲ್ಲಿದ್ದರೆ ಅದರ ಮೇಲೆ ಚದರ ಅಡಿಗೆ 1.3 ಪೌಂಡಿಗಿಂತ ಹೆಚ್ಚು ಭಾರ ಹಾಕಬಾರದೆಂಬುದು ತಯಾರಕರ ಮಿತಿ. ಅಂತರ 16 ಇಂಚಾಗಿದ್ದರೆ, ಅಥವಾ ಡ್ರೈವಾಲ್ ಐದೆಂಟಾಂಶ ಇಂಚಿನದಾಗಿದ್ದರೆ, 2.2 ಪೌಂಡಿನವರೆಗೆ ಹೋಗಬಹುದಿತ್ತು. ನಿಮ್ಮ ಹಳೆಯ ಹಾಸು ಸರಿಯಿದ್ದಲ್ಲಿ ಆರ್-19, ಅದರ ತೂಕ ಚದರ ಅಡಿಗೆ ಸುಮಾರು ಕಾಲು ಪೌಂಡು. ಆರ್-49 ಆಗಲು ಇನ್ನೂ ಆರ್-30 ಬೇಕು. ಅದಕ್ಕೆ ಕುಗ್ಗಿದ ಮೇಲೆ ಎಂಟೂವರೆ ಇಂಚು ಸೆಲ್ಯುಲೋಸ್, ಅಂದರೆ ಸುಮಾರು 1.15 ಪೌಂಡು. ಒಟ್ಟು 1.4, ಮಿತಿಯನ್ನು ತುಸು ದಾಟುತ್ತದೆ. ಮೊದಲನೆಯ ಗುತ್ತಿಗೆದಾರರು ಹೇಳಿದ ಆರ್-60 ಮಾಡಿದ್ದರೆ ಇನ್ನೂ ಬಹಳ ಮೀರುತ್ತಿತ್ತು. ಚಾವಣಿ ಕುಸಿದು ಬೀಳುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಜಂತೆಗಳ ನಡುವೆ ಜೋತು, ಕೀಲುಗಳಲ್ಲಿ ಬಿರುಕು ಕಾಣಿಸಿಕೊಳ್ಳುವುದನ್ನು ನೋಡಿದ್ದೇನೆ.

ಈಗ ಉಳಿತಾಯದ ಲೆಕ್ಕ ಮಾಡೋಣ. ಮಿನಿಯಾಪೊಲಿಸ್‌ನ ಒಂದು ವರ್ಷದ ತಾಪನ ಡಿಗ್ರಿ-ದಿನಗಳು (ಪ್ರತಿದಿನದ ಚಳಿಯ ಪ್ರಮಾಣವನ್ನು ವರ್ಷವಿಡೀ ಕೂಡಿಸಿದ ಅಂಕಿ) ಸುಮಾರು 7,500. ಅದನ್ನು 24 ಗಂಟೆಯಿಂದಲೂ 1,100 ಚದರ ಅಡಿಯಿಂದಲೂ ಗುಣಿಸಿ ಆರ್-ಮೌಲ್ಯದಿಂದ ಭಾಗಿಸಿದರೆ ಚಾವಣಿಯ ಮೂಲಕ ವರ್ಷಕ್ಕೆ ಹೋಗುವ ಶಾಖ ಬಿಟಿಯು ಲೆಕ್ಕದಲ್ಲಿ ಸಿಗುತ್ತದೆ. ಆರ್-19ರಿಂದ ಆರ್-49ಕ್ಕೆ ಹೋದಾಗ ಸುಮಾರು 64 ಲಕ್ಷ ಬಿಟಿಯು ಉಳಿಯುತ್ತದೆ. 90 ಶೇಕಡಾ ದಕ್ಷತೆಯ ಫರ್ನೆಸಿನಲ್ಲಿ ಅದು ಸುಮಾರು 70 ಥರ್ಮ್ ಗ್ಯಾಸು (ಒಂದು ಥರ್ಮ್ ಎಂದರೆ ಒಂದು ಲಕ್ಷ ಬಿಟಿಯು). ಆರ್-49ರಿಂದ ಆರ್-60ಕ್ಕೆ ಹೋದರೆ ಉಳಿಯುವುದು ಕೇವಲ 8 ಥರ್ಮ್. ನನ್ನ ಬಿಲ್ಲಿನಲ್ಲಿ ಥರ್ಮಿಗೆ ಒಂದು ಡಾಲರಿನ ಆಸುಪಾಸು ಬೀಳುತ್ತಿರುವುದರಿಂದ ನೀವೇ ತೂಗಿ ನೋಡಬಹುದು. ಕೆಳಗಿನ ಮೊದಲ ಇಂಚುಗಳು ದುಡಿಯುವಷ್ಟು ಮೇಲಿನ ಇಂಚುಗಳು ದುಡಿಯುವುದಿಲ್ಲ. ಇದರಲ್ಲಿ ಇನ್ನೊಂದು ಸತ್ಯವೂ ಇದೆ: ಊದಿದ ವಸ್ತುವೊಂದರಿಂದಲೇ ವರ್ಷಕ್ಕೆ 70 ಡಾಲರ್ ಉಳಿದರೆ ನಿಮ್ಮ ಹಣ ಹಿಂದಿರುಗಲು ದಶಕಗಳು ಬೇಕು. ಅಡುಗೆಮನೆಯ ಮೇಲಿನ ಆ ತೆರೆದ ಪೊಳ್ಳನ್ನು ಮುಚ್ಚುವುದರ ಲಾಭ ಈ ಲೆಕ್ಕಕ್ಕೆ ಸೇರಿಲ್ಲ, ಹಿಮದ ಕಟ್ಟೆಯಿಂದ ಹಾಳಾಗುವ ಚಾವಣಿ ಮತ್ತು ಮಾಡಿನ ದುರಸ್ತಿಯೂ ಸೇರಿಲ್ಲ. ನೀವು ಕೊಡುತ್ತಿರುವ ಹಣ ಮುಖ್ಯವಾಗಿ ಆ ಎರಡಕ್ಕಾಗಿ.

ನನ್ನ ಸಲಹೆ: ಸೆಲ್ಯುಲೋಸನ್ನೇ ಬಳಸಿ, ಒಟ್ಟು ಆರ್-45ಕ್ಕೆ ನಿಲ್ಲಿಸಿ. ಆಗ ತೂಕ 1.25 ಪೌಂಡಿನಲ್ಲಿ ಉಳಿಯುತ್ತದೆ, ಆರ್-49ಕ್ಕೆ ಹೋಲಿಸಿದರೆ ಕಳೆದುಕೊಳ್ಳುವುದು ವರ್ಷಕ್ಕೆ ನಾಲ್ಕು ಥರ್ಮ್ ಮಾತ್ರ. ಗ್ಯಾಸ್ ಕಂಪನಿ ಹಣ ಹಿಂದಿರುಗಿಸಲು ಆರ್-49 ಆಗಲೇಬೇಕೆಂದು ಷರತ್ತು ಹಾಕಿದ್ದರೆ ಮಾತ್ರ ಹಗುರವಾದ ಊದುವ ಫೈಬರ್‌ಗ್ಲಾಸಿಗೆ ಹೋಗಿ. ಅದರ ಬಗ್ಗೆ ಒಂದು ಹಳೆಯ ಆಕ್ಷೇಪವಿದೆ. 1990ರ ದಶಕದ ಆರಂಭದಲ್ಲಿ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು, ತೀವ್ರ ಚಳಿಯಲ್ಲಿ ಸಡಿಲವಾಗಿ ಊದಿದ ಫೈಬರ್‌ಗ್ಲಾಸಿನೊಳಗೆ ಗಾಳಿ ಸುತ್ತತೊಡಗಿ ಅದರ ತಡೆಶಕ್ತಿ ಗಣನೀಯವಾಗಿ ಇಳಿಯುವುದನ್ನು ತೋರಿಸಿದ್ದರು. ಈಗಿನ ಉತ್ಪನ್ನಗಳು ಅದಕ್ಕಿಂತ ಸುಧಾರಿಸಿವೆ, ಆದರೂ ನಮ್ಮಂಥ ಚಳಿಯಲ್ಲಿ ನಾನು ಸೆಲ್ಯುಲೋಸನ್ನೇ ಹೆಚ್ಚು ನಂಬುತ್ತೇನೆ.

ಹಳೆಯ ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಊದಲು ಯಾರಾದರೂ ಹೇಳಿದರೆ ಒಪ್ಪಬೇಡಿ, ತೇವ ನಡುವೆ ಸಿಕ್ಕಿಕೊಳ್ಳುತ್ತದೆ. ಉಬ್ಬಿದ ಹಲಗೆಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಊದಿಸುವ ಮೊದಲೇ ಬದಲಿಸಬೇಕು.

ತುಂಗಾತೀರ (ಮಿನ್ನೆಸೋಟ)

ಎರಡು ಹಲಗೆಗಳಲ್ಲಿ ಸ್ಕ್ರೂಡ್ರೈವರ್ ಮೆತ್ತಗೆ ಇಳಿಯಿತು. ಅವನ್ನು ಬದಲಿಸಲು ಮಾಡಿನ ಕೆಲಸದವರು ಬರುವ ವಾರ ಬರುತ್ತಾರೆ, ಅವರೇ ಫ್ಯಾನಿನ ಕೊಳವೆಯನ್ನು ಮಾಡಿನ ಮೂಲಕ ಹೊರಗೆ ಬಿಟ್ಟು ಟೋಪಿ ಕೂರಿಸಲು ಒಪ್ಪಿದ್ದಾರೆ. ಎರಡನೆಯ ಗುತ್ತಿಗೆದಾರರ ಜೊತೆ ಮಾತನಾಡಿ, ಮುಚ್ಚಬೇಕಾದ ಪ್ರತಿಯೊಂದು ಕಡೆಯನ್ನೂ ಕಾಗದದಲ್ಲಿ ಬರೆಸಿದ್ದೇನೆ. 1.3 ಪೌಂಡಿನ ಮಿತಿಯನ್ನು ಹೇಳಿದಾಗ ಅವರು ತಾವೇ ಅಳೆದು ನೋಡಿ ಒಪ್ಪಿಕೊಂಡು, ಆರ್-45ಕ್ಕೆ ಇಳಿಸಿ ಅಂದಾಜನ್ನು 3,900 ಡಾಲರಿಗೆ ತಿದ್ದಿಕೊಟ್ಟರು. ಗ್ಯಾಸ್ ಕಂಪನಿಯವರು ಆರ್-44 ಸಾಕೆಂದಿದ್ದಾರೆ. ಸಂದು ಮುಚ್ಚಿದ ಮೇಲೆ, ಊದುವ ಮೊದಲು ಒಂದು ದಿನ ಬಿಡುವಂತೆ ಕೇಳಿಕೊಂಡಿದ್ದೇನೆ. ಆ ದಿನ ನಾನೇ ಮೇಲೆ ಹತ್ತಿ ಏಳೂ ಮಚ್ಚೆಗಳ ಜಾಗವನ್ನು ನೋಡಿ, ಫೋಟೋ ತೆಗೆದಿಟ್ಟುಕೊಂಡು, ಆಮೇಲೆಯೇ ಯಂತ್ರ ತರಲು ಹೇಳುತ್ತೇನೆ. ಕೆಲಸ ಸೆಪ್ಟೆಂಬರ್ ಎರಡನೆಯ ವಾರಕ್ಕೆ ನಿಗದಿಯಾಗಿದೆ. ಬಾಗಿಲಿನ ಫ್ಯಾನ್ ಪರೀಕ್ಷೆಯ ಎರಡು ಅಂಕಿಗಳನ್ನೂ ಇಲ್ಲಿಯೇ ಬರೆಯುತ್ತೇನೆ.